ನೆರೆಯಿಂದ ಅರಿತ ಸಂಖ್ಯೆ

170141183460469231731687303715884105727.

ಮೂವತ್ತೊಂಬತ್ತು ಅಂಕಗಳು ಒತ್ತೊತ್ತಾಗಿ ನಿಂತಿರುವ ಈ ಸಂಖ್ಯೆಯನ್ನು ಬಾಯಿಬಿಟ್ಟು ಓದಿಹೇಳುವುದಕ್ಕೆ ನಮ್ಮ ನಾಡಿನ ಹಳೆಯ ಗಣಿತಶಾಸ್ತ್ರವೂ ಪೂರ್ತಿಯಾಗಿ ನೆರವಾಗಲಾರದು. ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎಂದು ತೊಡಗಿ ಕ್ಷೋಭ, ಮಹಾಕ್ಷೋಭಗಳವರೆಗೆ 24 ಸ್ಥಾನಗಳಿಗೆ ಹೆಸರಿಟ್ಟನು, ಆ ಮೆಟ್ಟಿಲುಗಳನ್ನೆಲ್ಲ ಏರಿ ನಿಂತ ಮೇಲೂ ಇನ್ನು 15 ಸ್ಥಾನಗಳು ಹೆಸರಿಲ್ಲದೆ ಮೇಲೆಯೇ ಉಳಿದುಬಿಡುತ್ತವೆ. ಹೆಸರಿಗೂ ನಿಲುಕದ ಈ ಸಂಖ್ಯೆಯ ವಿಷಯದಲ್ಲಿ ನಾವು ಸಂಶಯಲೇಶವಿಲ್ಲದೆ ಬಲ್ಲ ಸಂಗತಿಯೊಂದುಂಟು: 1 ಮತ್ತು ತಾನು ಹೊರತಾಗಿ ಬೇರಾವ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು, ಇದು ಅವಿಭಾಜ್ಯ ಸಂಖ್ಯೆ. ಗಣಕಯಂತ್ರವೆಂಬುದು ಇನ್ನೂ ಬಳಕೆಗೆ ಬಾರದಿದ್ದ 1876ರಲ್ಲಿ, ಫ್ರಾನ್ಸ್ ದೇಶದ ಎದುವಾರ್ ಲ್ಯೂಕಾ ಎಂಬ ಗಣಿತಜ್ಞನು ಇದನ್ನು ಕಂಡುಕೊಂಡನು. ಯಂತ್ರದ ಸಹಾಯವಿಲ್ಲದೆ, ಕೇವಲ ಕೈಲೆಕ್ಕದಿಂದ ಅವಿಭಾಜ್ಯವೆಂದು ಸಾಧಿತವಾದ ಸಂಖ್ಯೆಗಳಲ್ಲಿ ಇದಕ್ಕಿಂತ ಹಿರಿದಾದುದು ಇಂದಿಗೂ ಮತ್ತೊಂದಿಲ್ಲ. ಇಷ್ಟು ದೊಡ್ಡ ಸಂಖ್ಯೆಯ ಅಂತರಂಗವನ್ನು ಮನುಷ್ಯನು ಹೇಗೆ ತಾನೆ ಹೊಕ್ಕುನೋಡಿಯಾನು ಎಂಬ ಪ್ರಶ್ನೆಯೇ ಈ ಲೇಖನದ ವಸ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಿಕೊಳ್ಳಬೇಕು. ದೊಡ್ಡ ಅವಿಭಾಜ್ಯ ಸಂಖ್ಯೆಗಳು ವಿರಳವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ, ವಸ್ತುಸ್ಥಿತಿ ಹಾಗಿಲ್ಲ. ಅವು ಅನಂತವೆಂದು ಯೂಕ್ಲಿಡ್ಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದನು. ಮೇಲೆ ಬರೆದ ಸಂಖ್ಯೆಯ ಆಸುಪಾಸಿನಲ್ಲಿ ಸರಾಸರಿ 88 ಸಂಖ್ಯೆಗಳಿಗೆ ಒಂದರಂತೆ ಅವಿಭಾಜ್ಯಗಳು ಸಿಕ್ಕಿಯೇ ಸಿಗುತ್ತವೆ. ಅಷ್ಟು ವಿಪುಲವಾಗಿ ಚೆಲ್ಲಿಬಿದ್ದಿದ್ದರೂ, ಇಂಥದೇ ಒಂದು ಸಂಖ್ಯೆಯನ್ನು ಬೆರಳಿಟ್ಟು ತೋರಿಸಿ ‘ಇದು ಅವಿಭಾಜ್ಯ, ಇದೋ ಪ್ರಮಾಣ’ ಎನ್ನುವುದು ಮಾತ್ರ ದುಸ್ಸಾಧ್ಯ. ಇರುವುದಕ್ಕೂ ಅರಿಯುವುದಕ್ಕೂ ನಡುವಣ ಈ ಅಂತರವೇ ನನ್ನನ್ನು ಬಹುಕಾಲದಿಂದ ಈ ವಿಷಯಕ್ಕೆ ಕಟ್ಟಿಹಾಕಿರುವುದು.

ಸಂಖ್ಯೆಯ ಆಕಾರವನ್ನು ಮೊದಲು ನೋಡೋಣ. 2ನ್ನು ತನ್ನಿಂದ ತಾನೇ ಗುಣಿಸುತ್ತ 127ನೆಯ ಘಾತದವರೆಗೆ ಹೋಗಿ, ಬಂದ ಫಲದಲ್ಲಿ 1ನ್ನು ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಗಣಿತದ ಬರವಣಿಗೆಯಲ್ಲಿ ಇದು 2¹²⁷ − 1. ಛಂದಸ್ಸನ್ನು ಬಲ್ಲ ಕನ್ನಡಿಗರಿಗೆ ಈ ಜಾತಿಯ ಸಂಖ್ಯೆಗಳು ಅಪರಿಚಿತವಲ್ಲ. ಪಾದವೊಂದರಲ್ಲಿ ಏಳು ಅಕ್ಷರಗಳಿರುವ ಉಷ್ಣಿಕ್ ಛಂದಸ್ಸಿನಲ್ಲಿ ಪ್ರತಿಯೊಂದು ಅಕ್ಷರವೂ ಲಘುವಾಗಿರಬಹುದು, ಗುರುವಾಗಿರಬಹುದು. ಆದುದರಿಂದ ಪ್ರಸ್ತಾರವನ್ನು ಹಾಕಿದರೆ 128 ವೃತ್ತಗಳು ಹೊರಡುತ್ತವೆ, ಅವುಗಳಲ್ಲಿ ಒಂದನ್ನು ಬದಿಗಿಟ್ಟರೆ ಉಳಿಯುವುವು 127. ಪಿಂಗಳನ ಛಂದಶ್ಶಾಸ್ತ್ರದ ಕಾಲದಿಂದ ನಡೆದುಬಂದ ಎಣಿಕೆ ಇದು. ಇದೇ ಎಣಿಕೆಯನ್ನು 127 ಅಕ್ಷರಗಳ ಪಾದವೊಂದಕ್ಕೆ ಹಚ್ಚಿ, ಬಂದ ವೃತ್ತಗಳಲ್ಲಿ ಒಂದನ್ನು ಬಿಟ್ಟರೆ ನಮ್ಮ ಮೂವತ್ತೊಂಬತ್ತು ಅಂಕಗಳ ಸಂಖ್ಯೆ ಹಾಗೆಯೇ ಎದುರಿಗೆ ಬಂದು ನಿಲ್ಲುತ್ತದೆ. ಇಷ್ಟೇ ಅಲ್ಲ, ಗುರುವಿಗೆ 1 ಎಂದೂ ಲಘುವಿಗೆ 0 ಎಂದೂ ಗುರುತಿಟ್ಟು ದ್ವಿಮಾನ ಪದ್ಧತಿಯಲ್ಲಿ ಇದನ್ನು ಬರೆದರೆ ಸಾಲಾಗಿ 127 ಒಂದುಗಳೇ ಬರುತ್ತವೆ, ಅಂದರೆ ಇದು ಆದಿಯಿಂದ ಅಂತ್ಯದವರೆಗೆ ಸರ್ವಗುರುವಾದ ಸಾಲು. ಈ ಆಕಾರವೇ ಮುಂದೆ ಲ್ಯೂಕಾನ ಕೈಯಲ್ಲಿ ಬೀಗದ ಕೈಯಾಯಿತು.

ಇಂಥ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂದು ಹೆಸರು. ಹದಿನೇಳನೆಯ ಶತಮಾನದ ಫ್ರೆಂಚ್ ಸಂನ್ಯಾಸಿ ಮೆರ್ಸೆನ್ 1644ರ ತನ್ನ ಗ್ರಂಥದಲ್ಲಿ, ಘಾತಾಂಕವು 257ನ್ನು ಮೀರದಿರುವಲ್ಲಿ 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದು ಘಾತಾಂಕಗಳು ಮಾತ್ರ ಅವಿಭಾಜ್ಯವನ್ನು ಕೊಡುತ್ತವೆಂದು ಬರೆದನು. ಘಾತಾಂಕವು ತಾನೇ ಅವಿಭಾಜ್ಯವಾಗಿಲ್ಲದಿದ್ದರೆ ಫಲವೂ ಅವಿಭಾಜ್ಯವಾಗದೆಂಬುದು ಸುಲಭವಾಗಿ ತಿಳಿಯುವ ಮಾತು. ಆದರೆ ಘಾತಾಂಕವು ಅವಿಭಾಜ್ಯವಾದ ಮಾತ್ರಕ್ಕೆ ಫಲವು ಹಾಗಾಗಬೇಕೆಂಬ ನಿಯಮವಿಲ್ಲ. 11ನೆಯ ಘಾತದಲ್ಲಿಯೇ 2047 ಎಂಬುದು 23 ಮತ್ತು 89ರ ಗುಣಲಬ್ಧವಾಗಿ ಒಡೆದುಹೋಗುತ್ತದೆ. ಮೆರ್ಸೆನ್ನನ ಪಟ್ಟಿಯಲ್ಲಿ 67 ಮತ್ತು 257 ಸೇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದುವು. ಇದಕ್ಕಾಗಿ ಅವನನ್ನು ಹಳಿಯುವವರ ಜೊತೆಗೆ ನಾನು ಸೇರಲಾರೆ. ಆ ಕಾಲದ ಸಾಧನಗಳಿಂದ ಪರೀಕ್ಷಿಸಲು ಯಾರಿಗೂ ಸಾಧ್ಯವಿಲ್ಲದಿದ್ದ ಮಾತನ್ನು ಧೈರ್ಯವಾಗಿ ಬರೆದಿಟ್ಟು ಅವನು ಮುಂದಿನ ಮೂರು ಶತಮಾನಗಳಿಗೆ ಕೆಲಸ ಹಚ್ಚಿದನು, ಮತ್ತು 127ರ ವಿಷಯದಲ್ಲಿ ಅವನ ಮಾತು ನಿಜವಾಯಿತು.

ಪರೀಕ್ಷೆಯ ಸಹಜ ಮಾರ್ಗವೆಂದರೆ ಭಾಗಿಸಿ ನೋಡುವುದು. ವರ್ಗಮೂಲದವರೆಗಿನ ಯಾವ ಸಂಖ್ಯೆಯಿಂದಲೂ ಭಾಗವಾಗದಿದ್ದರೆ ಅವಿಭಾಜ್ಯವೆಂದು ತೀರ್ಮಾನಿಸಬಹುದು. ಫರ್ಮಾ, ಆಯ್ಲರ್ ಮೊದಲಾದವರ ಶೋಧಗಳಿಂದ ಈ ದಾರಿ ಬಹಳ ಮಟ್ಟಿಗೆ ಕಿರಿದಾಯಿತು: 2¹²⁷ − 1ಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದುದೇ ಆದರೆ ಅದನ್ನು 254ರಿಂದ ಭಾಗಿಸಿದಾಗ ಶೇಷ 1 ಬರಬೇಕು, 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಬೇಕು. ಆದುದರಿಂದ ಸರಾಸರಿ 508 ಸಂಖ್ಯೆಗಳಲ್ಲಿ ಒಂದನ್ನು ಪರೀಕ್ಷಿಸಿದರೆ ಸಾಕು. ಆಯ್ಲರನು ಇದೇ ಬಗೆಯ ಜರಡಿಯನ್ನು ಹಿಡಿದು 1772ರಲ್ಲಿ 2³¹ − 1, ಎಂದರೆ 2147483647, ಅವಿಭಾಜ್ಯವೆಂದು ತೋರಿಸಿದನು. ಆದರೆ ನಮ್ಮ ಸಂಖ್ಯೆಯ ವರ್ಗಮೂಲವೇ ಇಪ್ಪತ್ತು ಅಂಕಗಳದು; ಜರಡಿ ಹಿಡಿದ ಮೇಲೂ ಪರೀಕ್ಷಿಸಬೇಕಾದ ಸಂಖ್ಯೆಗಳು 250 ಕೋಟಿ ಕೋಟಿಗೂ ಮಿಕ್ಕಿ ಉಳಿಯುತ್ತವೆ. ಕ್ಷಣಕ್ಕೊಂದರಂತೆ ಹಗಲಿರುಳೂ ಭಾಗಿಸುತ್ತ ಕುಳಿತರೂ 80 ಕೋಟಿ ವರ್ಷಗಳು ಬೇಕು.

ಈ ಬಾಗಿಲು ಹೀಗೆ ಮುಚ್ಚಿಹೋದಾಗ ಲ್ಯೂಕಾ ಗೋಡೆಯ ಆಚೆಗೆ, ಪಕ್ಕದ ಮನೆಯ ಕಡೆಗೆ ನೋಡಿದನು. 2¹²⁷ − 1ರ ಅಂತರಂಗ ನಮಗೆ ತಿಳಿಯದು, ನಿಜ. ಆದರೆ ಅದಕ್ಕೆ 1ನ್ನು ಕೂಡಿಸಿದರೆ ಬರುವ ನೆರೆಯ ಸಂಖ್ಯೆಯ ಅಂತರಂಗ ಅಂಗೈ ನೆಲ್ಲಿಯಂತೆ ಸ್ಪಷ್ಟವಾಗಿದೆ: ಅದು 2ರ 127ನೆಯ ಘಾತ, ಅದರಲ್ಲಿ 2ರ ಹೊರತು ಮತ್ತಾವ ಅವಿಭಾಜ್ಯವೂ ಇಲ್ಲ. ನೆರೆಯ ಈ ಪೂರ್ಣ ಜ್ಞಾನವನ್ನು ಉಪಯೋಗಿಸಿಕೊಂಡು ಮೂಲ ಸಂಖ್ಯೆಯ ಸ್ವಭಾವವನ್ನು ನಿರ್ಣಯಿಸುವ ಪರೀಕ್ಷೆಯೊಂದನ್ನು ಅವನು ಕಟ್ಟಿದನು. ಅಮಿಯೆಂ ನಗರದಲ್ಲಿ 1842ರಲ್ಲಿ ಹುಟ್ಟಿ, ಪ್ಯಾರಿಸ್ಸಿನ ವೇಧಶಾಲೆಯಲ್ಲಿ ದುಡಿದು, ಯುದ್ಧಕಾಲದಲ್ಲಿ ಫಿರಂಗಿ ದಳದಲ್ಲಿ ಸೇವೆ ಸಲ್ಲಿಸಿ, ಅನಂತರ ಶಾಲೆಗಳಲ್ಲಿ ಗಣಿತ ಬೋಧಿಸಿದ ಈತನಿಗೆ ಆಟಗಳಲ್ಲಿ ಅಪಾರ ಆಸಕ್ತಿ. ‘ಹನಾಯ್ ಗೋಪುರ’ವೆಂಬ ಬಿಲ್ಲೆಗಳ ಆಟವನ್ನು 1883ರಲ್ಲಿ ಲೋಕಕ್ಕೆ ಕೊಟ್ಟವನೂ ಇವನೇ, ಕಾಶಿಯ ದೇವಾಲಯವೊಂದರಲ್ಲಿ ಪುರೋಹಿತರು 64 ಚಿನ್ನದ ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ಸಾಗಿಸುತ್ತಿದ್ದಾರೆಂಬ ಕಲ್ಪಿತ ಕಥೆ ಆ ಆಟದ ಜೊತೆಗೇ ಹುಟ್ಟಿತು. ಏಳು ಬಿಲ್ಲೆಗಳಿದ್ದರೆ 127 ನಡೆಗಳು, 127 ಬಿಲ್ಲೆಗಳಿದ್ದರೆ ಈ ಲೇಖನದ ಸಂಖ್ಯೆಯಷ್ಟೇ ನಡೆಗಳು: ಮಕ್ಕಳ ಆಟಿಕೆಯಲ್ಲಿಯೂ ಲ್ಯೂಕಾ ತನ್ನ ಸಂಖ್ಯೆಯನ್ನು ಬಿಟ್ಟಿರಲಿಲ್ಲ.

ಪರೀಕ್ಷೆಯ ವಿಧಾನ ಎಷ್ಟು ಸರಳವೆಂದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಿ ನೋಡಬಹುದು. 3ರಿಂದ ಆರಂಭಿಸಿ, ಅದರ ವರ್ಗದಲ್ಲಿ 2 ಕಳೆಯಿರಿ, 7 ಬರುತ್ತದೆ, ಅದರ ವರ್ಗದಲ್ಲಿ 2 ಕಳೆದರೆ 47, ಮತ್ತೆ ಹಾಗೆಯೇ ಮಾಡಿದರೆ 2207. ಸಂಖ್ಯೆ ಬೆಳೆದಾಗಲೆಲ್ಲ ಪರೀಕ್ಷ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. 127ನ್ನೇ, ಎಂದರೆ 2⁷ − 1ನ್ನು, ಪರೀಕ್ಷಿಸುವುದಾದರೆ 2207ರ ಶೇಷ 48. 48ರ ವರ್ಗದಿಂದ 2 ಕಳೆದು ಶೇಷ ತೆಗೆದರೆ 16. 16ರ ವರ್ಗದಿಂದ 2 ಕಳೆದರೆ 254, ಅದು 127ರ ಎರಡರಷ್ಟು, ಶೇಷ ಸೊನ್ನೆ. ಸರಿಯಾಗಿ ಆರನೆಯ ಪದದಲ್ಲಿ, ಘಾತಾಂಕಕ್ಕಿಂತ ಒಂದು ಕಡಿಮೆಯ ಸ್ಥಾನದಲ್ಲಿ, ಸೊನ್ನೆ ಬಂದುದರಿಂದ 127 ಅವಿಭಾಜ್ಯವೆಂದು ನಿರ್ಣಯ. ಭಾಜ್ಯವಾದ 2047ರ ಗತಿಯೇನೆಂದು ನೋಡುವ ಕುತೂಹಲದಿಂದ ಒಂದು ಸಂಜೆ ನಾನೇ ಕಾಗದ ಹಿಡಿದು ಕುಳಿತೆ. 3, 7, 47ರ ಮೇಲೆ 160 ಬಂದಿತು. ಆಮೇಲೆ 1034, 620, 1609, 1471. ಅದರ ಮುಂದೆ ಮತ್ತೆ 160! ಸಾಲು ಗಾಣದೆತ್ತಿನಂತೆ ಅದೇ ಐದು ಸಂಖ್ಯೆಗಳನ್ನು ಸುತ್ತತೊಡಗಿತು. ಎಷ್ಟು ಸುತ್ತಿದರೂ ಅದಕ್ಕೆ ಸೊನ್ನೆ ಸಿಕ್ಕುವಂತಿಲ್ಲ. 23 ಎಂಬ ಹೆಸರನ್ನಾಗಲಿ 89 ಎಂಬ ಹೆಸರನ್ನಾಗಲಿ ಒಮ್ಮೆಯೂ ಉಚ್ಚರಿಸದೆ ಈ ಲೆಕ್ಕವು 2047 ಒಡೆಯುವ ಸಂಖ್ಯೆಯೆಂದು ಸಾರಿಬಿಟ್ಟಿತು. ಭಾಜಕವನ್ನು ತೋರದೆಯೇ ಭಾಜ್ಯತ್ವವನ್ನು ತೋರುವ ಈ ಗುಣ ಎಷ್ಟು ವಿಲಕ್ಷಣವೆಂಬುದು 67ನೆಯ ಘಾತದ ಕಥೆಯಿಂದ ತಿಳಿಯುವುದು. 2⁶⁷ − 1 ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲಿಯೇ ಹೇಳಿದನು. ಅದರ ಭಾಜಕಗಳು 193707721 ಮತ್ತು 761838257287 ಎಂಬುದನ್ನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಕಂಡುಹಿಡಿದು ಪ್ರಕಟಿಸಿದ್ದು 1903ರಲ್ಲಿ.

ಸೊನ್ನೆ ಬಂದರೆ ಅವಿಭಾಜ್ಯವೇ ಏಕಾಗಬೇಕು? 3, 7, 47, 2207 ಎಂಬಿವು ತೋಚಿದಂತೆ ಆರಿಸಿದ ಸಂಖ್ಯೆಗಳಲ್ಲ. 1, 3, 4, 7, 11, 18, 29, 47 ಎಂದು ಹಿಂದಿನ ಎರಡು ಪದಗಳನ್ನು ಕೂಡಿಸುತ್ತ ಬೆಳೆಯುವ ಶ್ರೇಢಿಯ ಪದಗಳು. ಮಾತ್ರಾವೃತ್ತಗಳನ್ನು ಎಣಿಸುವಾಗ ವಿರಹಾಂಕ ಹೇಮಚಂದ್ರರು ಗುರುತಿಸಿದ ಶ್ರೇಢಿಗೆ ಇದು ಒಡಹುಟ್ಟು. ಈ ಸಾಲಿನ ಹಿಂದೆ ಒಂದು ಚಕ್ರವು ಮರೆಯಾಗಿ ತಿರುಗುತ್ತಿರುವುದೆಂದು ಭಾವಿಸಬಹುದು. ಒಂದೊಂದು ಸಲ ವರ್ಗ ಮಾಡಿದಾಗಲೂ ಚಕ್ರದ ತಿರುವು ಇಮ್ಮಡಿಯಾಗುತ್ತದೆ. 126ನೆಯ ಪದದಲ್ಲಿ ಸೊನ್ನೆ ಬಂದಿತೆಂದರೆ ಆ ಚಕ್ರವು ಅರ್ಧ ಸುತ್ತನ್ನು ಆಗ ತಾನೇ ಮುಗಿಸಿತೆಂದೂ, ಚಕ್ರಕ್ಕೆ ಸರಿಯಾಗಿ 2¹²⁷ ಹಲ್ಲುಗಳಿವೆಯೆಂದೂ ಅರ್ಥ. ಈಗ ನಮ್ಮ ಸಂಖ್ಯೆಗೆ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇದ್ದುದಾದರೆ, ಆ ಭಾಜಕದ ಶೇಷಗಣಿತದಲ್ಲಿಯೂ ಇದೇ ಚಕ್ರ ತಿರುಗಬೇಕು. ಆದರೆ ಅಲ್ಲಿ ಯಾವ ಚಕ್ರಕ್ಕೂ ಭಾಜಕದ ವರ್ಗದಿಂದ 1 ಕಳೆದರೆ ಬರುವುದಕ್ಕಿಂತ ಹೆಚ್ಚು ಹಲ್ಲುಗಳಿರಲಾರವು, ಮತ್ತು ಅದು 2¹²⁷ಕ್ಕೆ ಕಡಿಮೆಯೇ ಆಗುವುದು. ಚಿಕ್ಕ ಗುಡಿಸಲಿನಲ್ಲಿ ದೊಡ್ಡ ರಥವನ್ನು ತಿರುಗಿಸಲಾಗದು. ಆದುದರಿಂದ ಅಂಥ ಭಾಜಕವೇ ಇಲ್ಲ. 250 ಕೋಟಿ ಕೋಟಿ ಭಾಗಾಹಾರಗಳ ಜಾಗದಲ್ಲಿ 125 ವರ್ಗಗಳು ಕೆಲಸ ತೀರಿಸಿದುವು.

ಆ 125 ವರ್ಗಗಳಾದರೂ ಹಗುರವಾದುವಲ್ಲ. ಒಂದೊಂದೂ ಮೂವತ್ತೊಂಬತ್ತು ಅಂಕಗಳವರೆಗಿನ ಸಂಖ್ಯೆಯ ವರ್ಗ, ಅದರ ಮೇಲೆ ಭಾಗಾಹಾರ. ಇಲ್ಲಿಯೂ ನೆರೆಯೇ ನೆರವಾಯಿತು. 127ರಿಂದ ಭಾಗಿಸುವ ಬದಲು ಪಕ್ಕದ 128ರಿಂದ ಭಾಗಿಸಿ, ಭಾಗಲಬ್ಧವನ್ನು ಶೇಷದ ಮೇಲೆ ಮಡಿಸಿಹಾಕಬಹುದು: 2207ರಲ್ಲಿ 128 ಹದಿನೇಳು ಸಲ ಹೋಗಿ 31 ಉಳಿಯುತ್ತದೆ, 17ನ್ನೂ 31ನ್ನೂ ಕೂಡಿದರೆ 48, ಮೇಲೆ ಕಂಡ ಶೇಷವೇ. ದ್ವಿಮಾನ ಪದ್ಧತಿಯಲ್ಲಿ 128ರಿಂದ ಭಾಗಿಸುವುದೆಂದರೆ ಅಂಕಗಳ ಸಾಲನ್ನು ಏಳನೆಯ ಸ್ಥಾನದಲ್ಲಿ ಕತ್ತರಿಸುವುದಷ್ಟೆ. 2ರಿಂದ ಗುಣಿಸುವುದೆಂದರೆ ಸಾಲಿನ ಎಡತುದಿಯ ಅಂಕವನ್ನು ತೆಗೆದು ಬಲತುದಿಗೆ ಇಡುವುದಷ್ಟೆ. ಆದುದರಿಂದಲೇ ಲ್ಯೂಕಾ ಈ ಲೆಕ್ಕವನ್ನು ಚದುರಂಗದ ಹಾಸಿನಂತಹ, ಸಾಲಿಗೆ 127 ಮನೆಗಳ ಪಟದ ಮೇಲೆ ಕಾಯಿಗಳನ್ನು ನಡೆಸಿ ಮಾಡುವ ವಿಧಾನವನ್ನು ವಿವರಿಸಿದನು. ಕಾಯಿ ಇದ್ದ ಮನೆ 1, ಇಲ್ಲದ ಮನೆ 0. ಸರ್ವಗುರುವಾದ ಆ ಸಾಲಿನ ಸಮರೂಪತೆಯಿಂದ ಭಾಗಾಹಾರವೇ ಮಾಯವಾಗಿ, ಕಾಯಿಗಳನ್ನು ಸರಿಸುವ ಆಟ ಮಾತ್ರ ಉಳಿಯಿತು. ಮುಂದೆ 1914ರಲ್ಲಿ ಫೋಕಂಬೆರ್ಗ್ ಎಂಬಾತನು 127ನೆಯ ಘಾತದ ಫಲಿತಾಂಶವನ್ನು ಪರಿಶೀಲಿಸಿ ದೃಢಪಡಿಸಿದನು. 1930ರಲ್ಲಿ ಅಮೆರಿಕದ ಡೆರಿಕ್ ಹೆನ್ರಿ ಲೇಮರ್ 3ರ ಬದಲು 4ರಿಂದ ಹೊರಟರೆ ಬೆಸ ಅವಿಭಾಜ್ಯ ಘಾತಾಂಕಗಳೆಲ್ಲಕ್ಕೂ ಈ ಪರೀಕ್ಷೆ ಸಲ್ಲುವುದೆಂದು ತೋರಿಸಿ ಅದಕ್ಕೆ ಇಂದಿನ ರೂಪವನ್ನು ಕೊಟ್ಟನು.

ಲ್ಯೂಕಾನ ಸಂಖ್ಯೆ 75 ವರ್ಷಗಳ ಕಾಲ, 1951ರವರೆಗೆ, ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ಹಿರಿಯದಾಗಿ ನಿಂತಿತು. ಅದನ್ನು ದಾಟಿದವರೂ ಹಿಡಿದದ್ದು ನೆರೆಯ ದಾರಿಯನ್ನೇ ಎಂಬುದು ನನಗೆ ಬಹಳ ಮಹತ್ತ್ವದ್ದಾಗಿ ತೋರುತ್ತದೆ. ಫೆರಿಯೆ ಎಂಬಾತನು ಮೇಜಿನ ಮೇಲಿಡುವ ಲೆಕ್ಕದ ಯಂತ್ರದಿಂದ ಸಾಧಿಸಿದ 44 ಅಂಕಗಳ ಸಂಖ್ಯೆ 2¹⁴⁸ + 1ರ ಹದಿನೇಳನೆಯ ಒಂದು ಪಾಲು. ಅದರಿಂದ 1 ಕಳೆದರೆ ಬರುವ ಹಿಂದಿನ ಮನೆಯು 2¹⁴⁴ − 1ರ ಹದಿನೇಳನೆಯ ಒಂದು ಪಾಲನ್ನು ಒಳಗೊಂಡು, ಸುಲಭವಾಗಿ ಒಡೆಯುವ ಭಾಜಕಗಳಿಂದ ಕಿಕ್ಕಿರಿದಿದೆ. ಅದೇ ವರ್ಷ ಕೇಂಬ್ರಿಜ್ಜಿನ ಎಡ್ಸಾಕ್ ಗಣಕಯಂತ್ರದಿಂದ ಮಿಲ್ಲರ್ ಮತ್ತು ವ್ಹೀಲರ್ 79 ಅಂಕಗಳ ಅವಿಭಾಜ್ಯವೊಂದನ್ನು ಪಡೆದರು. ಅದು ಯಾವುದು? ಲ್ಯೂಕಾನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಿದ್ದು. ಅದರ ಹಿಂದಿನ ಮನೆಯ ಭಾಜಕಗಳು ಪೂರ್ತಿಯಾಗಿ ಗೊತ್ತು, ಏಕೆಂದರೆ ಲ್ಯೂಕಾ ಮುಖ್ಯ ಭಾಜಕವನ್ನು ಆಗಲೇ ಅವಿಭಾಜ್ಯವೆಂದು ಸಾಧಿಸಿ ಇಟ್ಟಿದ್ದನು. ಹಳೆಯ ಅರಸನ ಹೆಗಲೇರಿಯೇ ಹೊಸ ಅರಸನು ಪಟ್ಟಕ್ಕೆ ಬಂದನು.

ಅನಂತರದ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸಬಹುದು. 1952ರಲ್ಲಿ ರಫೇಲ್ ರಾಬಿನ್‌ಸನ್ ಬರೆದ ಕ್ರಮವಿಧಿಯಿಂದ ಸ್ವಾಕ್ ಎಂಬ ಯಂತ್ರವು ಒಂದೇ ವರ್ಷದಲ್ಲಿ ಐದು ಮೆರ್ಸೆನ್ ಅವಿಭಾಜ್ಯಗಳನ್ನು ಹೊರತೆಗೆಯಿತು. 1996ರಿಂದ ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಯಂತ್ರಗಳನ್ನು ಜೋಡಿಸಿ ಹುಡುಕುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಅವರು ಕಂಡ 2ರ 136279841ನೆಯ ಘಾತಕ್ಕಿಂತ 1 ಕಡಿಮೆಯಾದ ಸಂಖ್ಯೆ ನಮಗೆ ತಿಳಿದುಬಂದ 52ನೆಯ ಮೆರ್ಸೆನ್ ಅವಿಭಾಜ್ಯ; ಅದರಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಗಳಿವೆ. ಕೊನೆಯ ದೃಢೀಕರಣ ನಡೆದುದು ವರ್ಗ ಮಾಡಿ 2 ಕಳೆಯುವ ಅದೇ ಲ್ಯೂಕಾ-ಲೇಮರ್ ಪರೀಕ್ಷೆಯಿಂದ.

ನೆರೆಯ ಸಹಾಯವಿಲ್ಲದೆ, ಯಾವ ವಿಶೇಷ ಆಕಾರವೂ ಇಲ್ಲದ ಸಂಖ್ಯೆಯನ್ನು ಶೀಘ್ರವಾಗಿ, ನಿಸ್ಸಂದೇಹವಾಗಿ ನಿರ್ಣಯಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಬಂದುದು ಭಾರತದಿಂದ. 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಅವರೂ ಅವರ ತರುಣ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರೂ, ಅಂಕಗಳ ಸಂಖ್ಯೆ ಬೆಳೆದಂತೆ ಕೆಲಸವು ಮಿತಿಮೀರಿ ಬೆಳೆಯದಂತಹ, ಎಲ್ಲ ಸಂಖ್ಯೆಗಳಿಗೂ ಸಲ್ಲುವ, ಯಾವ ಊಹೆಯನ್ನೂ ಅವಲಂಬಿಸದ ಪರೀಕ್ಷೆಯೊಂದನ್ನು ಪ್ರಕಟಿಸಿದರು. 2006ರಲ್ಲಿ ಅವರಿಗೆ ಗೋಡೆಲ್ ಪ್ರಶಸ್ತಿ ಸಂದಿತು. ತತ್ತ್ವದ ದೃಷ್ಟಿಯಿಂದ ಇದು ಲ್ಯೂಕಾನ ಸಾಧನೆಗಿಂತ ಹಿರಿದು, ಸಂದೇಹವಿಲ್ಲ. ಆದರೂ ಅತಿ ದೊಡ್ಡ ಸಂಖ್ಯೆಗಳನ್ನು ಕಂಡುಹಿಡಿಯುವ ಕಾರ್ಯದಲ್ಲಿ ಇಂದಿಗೂ ಗೆಲ್ಲುವುದು ಆಕಾರವುಳ್ಳ ಸಂಖ್ಯೆಗಳೇ; ತಿಳಿದಿರುವ ಹಿರಿಯ ಅವಿಭಾಜ್ಯಗಳ ಪಟ್ಟಿಯ ತಲೆಯಲ್ಲಿ ಮೆರ್ಸೆನ್ ಸಂಖ್ಯೆಗಳೇ ಕುಳಿತಿರುವುದು ಅವುಗಳ ನೆರೆಯವರು ಎರಡರ ಘಾತಗಳಾಗಿರುವುದರಿಂದ.

ನಮ್ಮ ಸಂಖ್ಯೆಯ ಇನ್ನೆರಡು ಗುಣಗಳನ್ನು ಹೇಳದೆ ಬಿಡಲು ಮನಸ್ಸು ಬಾರದು. ಇದನ್ನು 2¹²⁶ರಿಂದ ಗುಣಿಸಿದರೆ 77 ಅಂಕಗಳ ಪರಿಪೂರ್ಣ ಸಂಖ್ಯೆಯೊಂದು ಬರುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಆ ಸಂಖ್ಯೆ ತಾನೇ ಆಗುತ್ತದೆ, 6 ಮತ್ತು 28ರಂತೆ. ಇದು ಯೂಕ್ಲಿಡ್ಡನ ಪ್ರಮೇಯದ ಫಲ. ಮತ್ತು 2¹²⁷ರ ಇನ್ನೊಂದು ಮಗ್ಗುಲಿನ 2¹²⁷ + 1ನ್ನು 3ರಿಂದ ಭಾಗಿಸಿದರೆ ಬರುವ ಫಲವೂ ಅವಿಭಾಜ್ಯವೇ. ಒಂದರ ಪಕ್ಕದಲ್ಲೊಂದು ನಿಂತ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ಅವಿಭಾಜ್ಯ, ನಡುವಣದು ಶುದ್ಧವಾದ ಎರಡರ ಘಾತ, ಮೂರನೆಯದು ಅವಿಭಾಜ್ಯವೊಂದರ ಮೂರರಷ್ಟು. ಇಂಥ ಓಣಿಯನ್ನು ಸಂಖ್ಯಾಲೋಕದಲ್ಲಿ ನಾನು ಕಂಡಿರುವುದು ಕೆಲವೇ ಕಡೆ. ಲ್ಯೂಕಾ ಪಟದ ಮೇಲೆ ಮಾಡಿದ ಮಡಿಕೆಯ ಲೆಕ್ಕವೂ ಹಳೆಯದಾಗಿ ಮೂಲೆ ಸೇರಲಿಲ್ಲ. 2015ರಲ್ಲಿ ಗುಪ್ತಲಿಪಿಯ ತಜ್ಞರಾದ ಕಾಸ್ಟೆಲ್ಲೊ ಮತ್ತು ಲೊಂಗಾ ಅವರು ರಚಿಸಿದ ‘ಫೋರ್‌ಕ್ಯೂ’ ಎಂಬ ವಕ್ರರೇಖೆಯ ಗಣಿತವು ಈ ಸಂಖ್ಯೆಯ ಶೇಷಗಳ ಮೇಲೆಯೇ ನಿಂತಿದೆ, ಶೇಷ ತೆಗೆಯುವುದು ಸಾಲನ್ನು ಕತ್ತರಿಸಿ ಕೂಡಿಸಿದಷ್ಟೇ ಸುಲಭವೆಂಬ ಕಾರಣದಿಂದ.

ಕೊನೆಯದಾಗಿ ಒಂದು ಸರಪಳಿ. 2ರ 2ನೆಯ ಘಾತದಿಂದ 1 ಕಳೆದರೆ 3. 2ರ 3ನೆಯ ಘಾತದಿಂದ 1 ಕಳೆದರೆ 7. 7ನೆಯ ಘಾತದಿಂದ 127. 127ನೆಯದರಿಂದ ಲ್ಯೂಕಾನ ಸಂಖ್ಯೆ. ಎಲ್ಲವೂ ಅವಿಭಾಜ್ಯಗಳೇ. ಲ್ಯೂಕಾನ ಶೋಧದ ವರ್ಷವೇ ಕತಲಾನ್ ಎಂಬ ಗಣಿತಜ್ಞನು ಈ ಸರಪಳಿಯತ್ತ ಬೆರಳು ತೋರಿದನು. ಮುಂದಿನ ಕೊಂಡಿಯನ್ನು ಬರೆದಿಡಲು ಬೇಕಾಗುವ ಅಂಕಗಳ ಎಣಿಕೆಯೇ 38 ಅಂಕಗಳ ಸಂಖ್ಯೆ. ಅದನ್ನು ಯಾವ ಗ್ರಂಥವೂ ಯಾವ ಯಂತ್ರವೂ ಹಿಡಿಯಲಾರದು. ಲ್ಯೂಕಾನ ಪರೀಕ್ಷೆಯನ್ನು ಅದಕ್ಕೆ ಹಚ್ಚಬೇಕಾದರೆ 3, 7, 47, 2207 ಎಂದು ಹೊರಟು, ಈ ಲೇಖನದ ಮೊದಲ ಸಾಲಿನಲ್ಲಿ ಬರೆದ ಸಂಖ್ಯೆಗಿಂತ ಎರಡು ಕಡಿಮೆಯಷ್ಟು ವರ್ಗಗಳನ್ನು ಮಾಡಬೇಕು. ಇಲ್ಲಿ ನೆರೆ ಪೂರ್ತಿಯಾಗಿ ತಿಳಿದಿದ್ದರೂ ದಾರಿ ನಡೆಯಲಾಗದಷ್ಟು ಉದ್ದವಾಯಿತು. ಉಳಿದಿರುವುದು ಹಳೆಯ ಭಾಗಾಹಾರದ ಮಾರ್ಗವೊಂದೇ: ಲ್ಯೂಕಾನ ಸಂಖ್ಯೆಯ ಸಮಗುಣಕವೊಂದಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಅದು ಭಾಜಕವೇ ಎಂದು ಕೇಳುತ್ತ ಹೋಗುವುದು. ಕೇಳುತ್ತಲೇ ಇದ್ದಾರೆ, ಇದುವರೆಗೆ ಯಾವುದೂ ಹೌದೆಂದಿಲ್ಲ.